ಇಲಿಯ ಆಯಸ್ಸಿನ ಲೆಕ್ಕ ಬರೆದದ್ದು ಗೂಬೆ

ಧಾರವಾಡದ ನಮ್ಮ ಓಣಿಯಲ್ಲಿ ಒಬ್ಬ ಹುಡುಗಿ ಬಿಳಿ ಇಲಿ ಸಾಕಿದ್ದಳು. ಎರಡು ವರ್ಷ ತುಂಬಿದ ಮೇಲೆ ಅದು ಸತ್ತಿತು. ‘ಗಣಪ್ಪನ ವಾಹನ ಮನ್ಯಾಗ ಸತ್ತದ, ಶಾಂತಿ ಮಾಡಸ್ರಿ’ ಎಂದು ಯಾರೋ ಅವಳ ಅಜ್ಜಿಗೆ ಹೇಳಿದರು. ಹುಡುಗಿ ತನ್ನದೇ ತಪ್ಪು ಎಂದು ಅಳುತ್ತಿದ್ದಳು. ಇಂಥ ಮಾತು ಮಕ್ಕಳ ಮನಸ್ಸನ್ನು ಎಷ್ಟು ನೋಯಿಸುತ್ತದೆ ನೋಡಿ. ಎರಡು ವರ್ಷ ಬದುಕಿದ ಇಲಿ ತುಂಬು ಮುಪ್ಪಿನಲ್ಲೇ ಸತ್ತಿದೆ. ದೋಷವೂ ಇಲ್ಲ, ತಪ್ಪೂ ಇಲ್ಲ.

ಎರಡೇ ವರ್ಷ ಯಾಕೆ? ಅದರ ಎದೆ ನಿಮಿಷಕ್ಕೆ 500-600 ಸಲ ಬಡಿಯುತ್ತದೆ, ಬೇಗ ಸವೆಯುತ್ತದೆ ಅಂತ ಬಹಳ ಜನ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಸೈಬೀರಿಯಾದಲ್ಲಿ ಸಿಕ್ಕ ಬ್ರಾಂಟ್ ಬಾವಲಿಯೊಂದು 41 ವರ್ಷ ಬದುಕಿತ್ತು. ಆ ಜಾತಿಯ ತೂಕ ಸುಮಾರು 7 ಗ್ರಾಂ, ಇಲಿಗಿಂತ ಎಷ್ಟೋ ಕಡಿಮೆ! ಮೈ ಚಿಕ್ಕದಾದಷ್ಟೂ ಎದೆ ಬೇಗ ಬಡಿಯುವುದು ಸಾಮಾನ್ಯ, ಆದರೂ ಅದು ಬೇಗ ಸವೆಯಲಿಲ್ಲ. ಚಳಿಗಾಲವಿಡೀ ಅದು ಮಲಗುತ್ತದೆ, ನಿಜ. ಆದರೆ ಹಾಗೆ ಮಲಗದ ಬಾವಲಿಗಳೂ ಇಪ್ಪತ್ತು ವರ್ಷ ದಾಟುತ್ತವೆ.

ಬಾವಲಿ ಹಾರಿ ಪಾರಾಗುತ್ತದೆ. ಇಲಿಗೆ ಆ ದಾರಿ ಇಲ್ಲ. ಗೂಬೆ, ಹಾವು, ಬೆಕ್ಕು ಎಲ್ಲಕ್ಕೂ ಅದೇ ಊಟ. ಹೊಲದ ಇಲಿಗಳಲ್ಲಿ ಹೆಚ್ಚಿನವು ಒಂದು ವರ್ಷವನ್ನೂ ಕಾಣುವುದಿಲ್ಲ. ಒಂದು ವರ್ಷದ ಲಾವಣಿಗೆ ಹೊಲ ಹಿಡಿದವನು ಬಾವಿ ತೋಡುತ್ತಾನೆಯೇ? ಹೆಸರು ಬಿತ್ತಿ ಬೇಗ ಬೆಳೆ ತೆಗೆಯುತ್ತಾನೆ, ಆಪೂಸ್ ಮಾವಿನ ಗಿಡ ನೆಡುವುದಿಲ್ಲ. ಇಲಿಯ ಮೈ ಹೆಸರಿನ ಬೆಳೆ ಇದ್ದ ಹಾಗೆ. ಇನ್ನೊಂದು ರೀತಿ ಹೇಳುತ್ತೇನೆ. ಎಳೆತನದಲ್ಲೇ ಕೊಲ್ಲುವ ಜೀನ್, ಅಂದರೆ ತಾಯಿ-ತಂದೆಯಿಂದ ಮರಿಗೆ ದಾಟುವ ಗುಣದ ಬೀಜ, ನಿಸರ್ಗದ ಜರಡಿಯಲ್ಲಿ ಸಿಕ್ಕಿಬೀಳುತ್ತದೆ, ಯಾಕೆಂದರೆ ಆ ಇಲಿಗೆ ಮರಿಗಳೇ ಆಗುವುದಿಲ್ಲ. ಎರಡನೇ ವರ್ಷದಲ್ಲಿ ಕಾಯಿಲೆ ತರುವ ಜೀನನ್ನು ಸೋಸುವವರು ಯಾರು? ಅಷ್ಟು ಹೊತ್ತಿಗೆ ಇಲಿ ಗೂಬೆಯ ಹೊಟ್ಟೆ ಸೇರಿರುತ್ತದೆ, ಜೀನ್ ಮರಿಗಳಿಗೆ ದಾಟಿರುತ್ತದೆ. ಬ್ರಿಟನ್ನಿನ ಜೀವವಿಜ್ಞಾನಿ ಪೀಟರ್ ಮೆಡಾವರ್ 1951ರಲ್ಲಿ ಲಂಡನ್ನಿನ ಒಂದು ಉಪನ್ಯಾಸದಲ್ಲಿ ಈ ವಿಚಾರವನ್ನು ಮುಂದಿಟ್ಟರು. ಪಂಜರದಲ್ಲಿ ಗೂಬೆ ಇಲ್ಲ. ಆದರೂ ಗೂಬೆ ಬರೆದ ಲೆಕ್ಕ ಇಲಿಯ ಮೈಯಲ್ಲಿ ಹಾಗೇ ಇದೆ.

ಮರಿಗಳ ವಿಷಯದಲ್ಲೂ ಅದೇ ಅವಸರ. ಗಬ್ಬ ಸುಮಾರು 20 ದಿನ. ಸೂಲಿಗೆ ಆರೆಂಟು ಮರಿ. ಈದ ಒಂದೇ ದಿನದೊಳಗೆ ಮತ್ತೆ ಗಬ್ಬ ಕಟ್ಟಬಹುದು. ಮರಿಗಳು ಆರು ವಾರಕ್ಕೇ ಮರಿ ಹಾಕಲು ತಯಾರು. ಸುಮ್ನೆ ‘ಜೋಡಿ ಇರಲಿ’ ಅಂತ ಗಂಡು-ಹೆಣ್ಣು ತರಬೇಡಿ. ಗಂಡು ಮರಿಗಳನ್ನು ನಾಲ್ಕೈದು ವಾರದೊಳಗೆ ಬೇರೆ ಮಾಡಿ.

ಅಮೆರಿಕದ ಗ್ರಾನ್‌ಬಿ ಎಂಬ ಊರಿನಲ್ಲಿ ಅಬ್ಬಿ ಲೇತ್ರಾಪ್ ಎಂಬ ಮಹಿಳೆ 1900ರ ಸುಮಾರಿಗೆ ಸಾಕು ಇಲಿ ಮಾರುತ್ತಿದ್ದರು. ಇಂದಿನ ಎಷ್ಟೋ ಪ್ರಯೋಗಾಲಯದ ಇಲಿಗಳು ಅವರ ಇಲಿಗಳ ಸಂತತಿಯೇ. ತಮ್ಮ ಇಲಿಗಳ ಮೈಮೇಲೆ ಗಂಟು ಕಂಡಾಗ ಅವರು ಶಾಪ ಅಂತ ಕೈಬಿಡಲಿಲ್ಲ, ವಿಜ್ಞಾನಿಗಳಿಗೆ ಕಳಿಸಿದರು. ಅವರಲ್ಲೊಬ್ಬರಾದ ರೋಗವಿಜ್ಞಾನಿ ಲಿಯೋ ಲೋಬ್ ಜೊತೆ ಸೇರಿ, ಅಂಡಾಶಯ ತೆಗೆದ ಹೆಣ್ಣಿಲಿಗಳಲ್ಲಿ ಮೊಲೆಯ ಗಂಟು ಕಡಿಮೆ ಎಂದು ಕಂಡುಕೊಂಡರು. ಬೇಗ ಮರಿ ಕೊಡುವ ಅಂಗವೇ ಆಮೇಲೆ ರೋಗಕ್ಕೂ ದಾರಿ! ನನಗೆ ಇದು ಇವತ್ತಿಗೂ ಬೆರಗು.

ಆ ಹುಡುಗಿ ಈಗ ಮತ್ತೆ ಎರಡು ಮರಿ ತಂದಿದ್ದಾಳೆ, ಎರಡೂ ಹೆಣ್ಣು. ಪಂಜರದ ಹಾಸು ತಪ್ಪದೆ ಬದಲಿಸು ಎಂದಿದ್ದೇನೆ. ಉಚ್ಚೆಯಿಂದ ಏಳುವ ಅಮೋನಿಯಾ ಇಲಿಯ ಶ್ವಾಸಕ್ಕೆ ಕೆಟ್ಟದ್ದು. ಉಸಿರಾಡುವಾಗ ಕಿಟಕಿಟ ಸದ್ದು ಬಂದರೆ ಅವತ್ತೇ ಪಶುವೈದ್ಯರ ಹತ್ತಿರ ಒಯ್ಯಬೇಕು.