ಪದ ಪರಿಚಯ: ಪಿ.ಟಿ.ಇ., ಅಂದರೆ ತಲೆಗೆ ಪೆಟ್ಟಾದ ಮೇಲೆ ಬರುವ ಫಿಟ್ಸ್

ಚೀಟಿಯ ಮೇಲೆ ಡಾಕ್ಟರ್ ಬರೆದದ್ದು ಮೂರೇ ಅಕ್ಷರ: ಪಿ.ಟಿ.ಇ. ಕೊಪ್ಪಳದ ಆಸ್ಪತ್ರೆಯೊಂದರ ಹೊರಗೆ ಬೇವಿನ ಮರದ ಕೆಳಗೆ ಕೂತಿದ್ದೆವು. ನನ್ನ ಕಾಕಿ (ಚಿಕ್ಕಮ್ಮ) ಮಗನ ಚೀಟಿಯನ್ನು ನನ್ನ ಕೈಗಿಟ್ಟು, "ಇದೇನಂತ ನೋಡವ್ವ, ಮಲರೋಗಾನಾ?" ಅಂತ ಕೇಳಿದರು. ಆ ಒಂದು ಮಾತಿಗೇ ಅವರ ಧ್ವನಿ ಕುಗ್ಗಿತ್ತು.

ಪೂರ್ತಿ ಹೆಸರು ಪೋಸ್ಟ್ ಟ್ರಾಮ್ಯಾಟಿಕ್ ಎಪಿಲೆಪ್ಸಿ. ಪೋಸ್ಟ್ ಅಂದರೆ ಆಮೇಲೆ. ಟ್ರಾಮಾ ಅಂದರೆ ಗ್ರೀಕ್ ಭಾಷೆಯಲ್ಲಿ ಗಾಯ. ಎಪಿಲೆಪ್ಸಿಯೂ ಗ್ರೀಕ್ ಮೂಲದ್ದೇ, ಹಿಡಿದುಕೊಳ್ಳುವುದು ಅಂತ ಅದರ ಅರ್ಥ. ನಮ್ಮ ಕಡೆ "ಗಾಳಿ ಹಿಡಿದಿದೆ" ಅಂತಾರಲ್ವಾ, ಅದೇ ಹಿಡಿತ. ಕನ್ನಡದಲ್ಲಿ ಫಿಟ್ಸ್, ಮೂರ್ಛೆ ರೋಗ, ಮಲರೋಗ, ಅಪಸ್ಮಾರ ಎಲ್ಲವೂ ಬಳಕೆಯಲ್ಲಿವೆ. ಇವುಗಳಲ್ಲಿ ಮೂರ್ಛೆ ಎಂಬ ಪದ ಸ್ವಲ್ಪ ದಾರಿ ತಪ್ಪಿಸುತ್ತದೆ. ಪ್ರತಿ ಫಿಟ್ಸ್‌ನಲ್ಲೂ ಎಚ್ಚರ ತಪ್ಪುವುದಿಲ್ಲ. ಕೆಲವರಿಗೆ ಒಂದು ಕೈ ಮಾತ್ರ ಅದುರುತ್ತದೆ. ಕೆಲವರು ಅರ್ಧ ನಿಮಿಷ ಸುಮ್ನೆ ಎತ್ತಲೋ ನೋಡುತ್ತಾ, ತುಟಿ ಚಪ್ಪರಿಸುತ್ತಾ ಕೂತುಬಿಡುತ್ತಾರೆ. ಅದೂ ಫಿಟ್ಸೇ.

ಇನ್ನೊಂದು ವ್ಯತ್ಯಾಸವೂ ಇದೆ. ಫಿಟ್ಸ್ ಎನ್ನುವುದು ಒಂದು ಸಲ ನಡೆಯುವ ಘಟನೆ. ಎಪಿಲೆಪ್ಸಿ ಅಂದರೆ ಅದು ಮತ್ತೆ ಮತ್ತೆ ಬರುವ ಸ್ವಭಾವ. ಒಮ್ಮೆ ಕೆಮ್ಮಿದವರಿಗೆಲ್ಲ ದಮ್ಮು ಇರುವುದಿಲ್ಲವಲ್ಲ, ಹಾಗೆ.

ಈಗ ನನ್ನ ತಮ್ಮನ ವಿಷಯ. ಕಾಕಾನ ಮಗ, ಗಂಗಾವತಿಯಲ್ಲಿ ಟ್ರ್ಯಾಕ್ಟರ್ ಓಡಿಸುತ್ತಿದ್ದ. ಯುಗಾದಿ ಹೊತ್ತಿಗೆ ಬೈಕಿನಿಂದ ಬಿದ್ದ. ಹೆಲ್ಮೆಟ್ ಇರಲಿಲ್ಲ. ತಲೆಬುರುಡೆ ಒಂದು ಕಡೆ ಒಳಗೆ ಕುಸಿದು, ರಕ್ತ ಹೆಪ್ಪುಗಟ್ಟಿ ಆಪರೇಷನ್ ಆಯಿತು. ಎರಡು ತಿಂಗಳಲ್ಲಿ ಎದ್ದು ಓಡಾಡಿದ. ಕೂದಲು ಬೆಳೆದು ಹೊಲಿಗೆ ಮುಚ್ಚಿತು. ಎಲ್ಲರೂ ಮರೆತೆವು. ಜನವರಿಯಲ್ಲಿ ಗವಿಮಠದ ಅಜ್ಜನ ಜಾತ್ರೆಗೆ ಹೋಗಿ ರಾತ್ರಿಯೆಲ್ಲ ನಿದ್ದೆಗೆಟ್ಟು ಬಂದ. ಬೆಳಿಗ್ಗೆ ಚಹಾ ಕುಡಿಯುವಾಗ ಕಪ್ಪು ಕೈಯಿಂದ ಜಾರಿತು. ಕುತ್ತಿಗೆ ಬಲಕ್ಕೆ ತಿರುಗಿತು, ಮೈಯೆಲ್ಲ ಸೆಟೆದು ಬಡಿದುಕೊಳ್ಳತೊಡಗಿತು. ಯಾರೋ ಕೈಯಲ್ಲಿ ಕೀಲಿ ಇಟ್ಟರು, ಯಾರೋ ಉಳ್ಳಾಗಡ್ಡಿ ಜಜ್ಜಿ ಮೂಗಿಗೆ ಹಿಡಿದರು.

ಆಸ್ಪತ್ರೆಯಲ್ಲಿ ಡಾಕ್ಟರ್, "ಮೊದಲು ತಲೆಗೆ ಪೆಟ್ಟು ಬಿದ್ದಿತ್ತಾ?" ಎಂದು ಕೇಳಿದರೆ ಕಾಕಿ "ಇಲ್ರೀ ಸರ್" ಅಂದುಬಿಟ್ಟರು. ಸುಳ್ಳು ಹೇಳಿದ್ದಲ್ಲ. ಅವರ ಪಾಲಿಗೆ ಅದು ವಾಸಿಯಾಗಿ ಹೋದ ಹಳೇ ಗಾಯ. ನಾನು ಅವನ ಕೂದಲು ಸರಿಸಿ ತೋರಿಸಿದ ಮೇಲೆಯೇ ಚೀಟಿಯ ಮೇಲೆ ಆ ಮೂರು ಅಕ್ಷರ ಬಿದ್ದದ್ದು.

ಪಿ.ಟಿ.ಇ. ಎಂಬ ಪದದ ಜೀವ ಇರುವುದು ಈ ತಡದಲ್ಲಿ, "ಆಮೇಲೆ" ಎಂಬ ಮೊದಲ ಮಾತಿನಲ್ಲಿ. ವೈದ್ಯರು 7 ದಿನಕ್ಕೆ ಒಂದು ಗೆರೆ ಎಳೆಯುತ್ತಾರೆ. ಪೆಟ್ಟಾದ ಮೊದಲ ವಾರದೊಳಗೆ ಬಂದರೆ ಅದು ಹಸಿ ಗಾಯದ ಫಿಟ್ಸ್. ಊತ, ರಕ್ತಸ್ರಾವ ಕೆರಳಿಸಿದ್ದು. ವಾರ ಕಳೆದ ಮೇಲೆ ಬಂದರೆ ಲೆಕ್ಕವೇ ಬೇರೆ. ಒಳಗೆ ಗಾಯ ಮಾದು ಕಲೆ ಕಟ್ಟಿರುತ್ತದೆ. ಸೋರಿದ ರಕ್ತದಲ್ಲಿನ ಕಬ್ಬಿಣದ ಅಂಶ ಅಲ್ಲೇ ಉಳಿದು ಸುತ್ತಲಿನ ನರಕೋಶಗಳನ್ನು ಕೆಣಕುತ್ತದೆ. ಅವು ತಮ್ಮತಮ್ಮಲ್ಲೇ ಹೊಸ ಸಂಪರ್ಕ ಬೆಳೆಸಿಕೊಂಡು, ಒಂದು ದಿನ ಒಟ್ಟಿಗೇ ಹೊತ್ತಿಕೊಳ್ಳುತ್ತವೆ. ಇದಕ್ಕೆ ತಿಂಗಳುಗಳು ಹಿಡಿಯಬಹುದು. ಹೆಚ್ಚಿನವರಿಗೆ ಮೊದಲ 2 ವರ್ಷದೊಳಗೆ ಕಾಣಿಸುತ್ತದೆ, ಕೆಲವರಿಗೆ ಹತ್ತು ವರ್ಷ ಕಳೆದ ಮೇಲೂ. ಹೀಗೆ ತಡವಾಗಿ ಬಂದದ್ದು ಒಂದೇ ಸಲವಾದರೂ ಮತ್ತೆ ಬರುವ ಸಂಭವ ಜಾಸ್ತಿ. ಅದಕ್ಕೇ ಎರಡನೆಯದಕ್ಕೆ ಕಾಯದೆ ಔಷಧ ಶುರು ಮಾಡುತ್ತಾರೆ.

ಹಾಗಂತ ತಲೆಗೆ ಪೆಟ್ಟಾದವರೆಲ್ಲ ಹೆದರಬೇಕಿಲ್ಲ. ಅಮೆರಿಕದ ಮಿನ್ನೆಸೋಟಾದಲ್ಲಿ 4,541 ಜನರನ್ನು ಗಮನಿಸಿ 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 5 ವರ್ಷದೊಳಗೆ ಫಿಟ್ಸ್ ಬರುವ ಸಂಭವ ಸಣ್ಣ ಪೆಟ್ಟಿಗೆ ಶೇ. 0.7, ಮಧ್ಯಮಕ್ಕೆ ಶೇ. 1.2, ತೀವ್ರ ಪೆಟ್ಟಿಗೆ ಶೇ. 10. ಬುರುಡೆ ಒಳಗೆ ಕುಸಿದವರಿಗೆ, ರಕ್ತ ಹೆಪ್ಪುಗಟ್ಟಿದವರಿಗೆ, ಒಂದು ದಿನಕ್ಕಿಂತ ಜಾಸ್ತಿ ಎಚ್ಚರ ತಪ್ಪಿದವರಿಗೆ ಅಪಾಯ ಹೆಚ್ಚು.

ಕಾಕಿಯನ್ನು ಕೊರೆಯುತ್ತಿದ್ದ ಇನ್ನೊಂದು ಚಿಂತೆ: "ಆಪರೇಷನ್ ಆದಾಗ ಒಂದು ವಾರಕ್ಕೇ ಫಿಟ್ಸ್ ಗುಳಿಗೆ ನಿಲ್ಲಿಸಿದ್ರಲ್ಲ, ನಾವೇ ಕೇಳಿ ಮುಂದುವರಿಸಿದ್ರೆ ಹಿಂಗಾಗ್ತಿರ್ಲಿಲ್ಲೇನೋ." ಹಾಗಲ್ಲ. ಗುಳಿಗೆ ಮೊದಲ ವಾರದ ಫಿಟ್ಸ್ ತಡೆಯುತ್ತದೆ. ಮುಂದುವರಿಸಿದರೂ ತಡವಾಗಿ ಬರುವುದನ್ನು ತಡೆಯುವುದಿಲ್ಲ ಎಂದು ಫೆನಿಟಾಯಿನ್ ಎಂಬ ಫಿಟ್ಸ್ ಔಷಧದ 1990ರ ಪ್ರಯೋಗದಲ್ಲೇ ಗೊತ್ತಾಗಿದೆ. ಇದರಲ್ಲಿ ಯಾರದ್ದೂ ತಪ್ಪಿಲ್ಲ. ಇದನ್ನು ಕೇಳಿದಾಗ ಕಾಕಿ ಸೆರಗಿನಿಂದ ಕಣ್ಣೊರೆಸಿಕೊಂಡರು.

ಫಿಟ್ಸ್ ಬಂದಾಗ ಮಾಡುವುದು ಕಮ್ಮಿ, ಮಾಡಬಾರದ್ದೇ ಜಾಸ್ತಿ. ಕೀಲಿ ಬೇಡ, ಉಳ್ಳಾಗಡ್ಡಿ ಬೇಡ, ಬಾಯಿಗೆ ಚಮಚ ಬೇಡ, ನೀರು ಬೇಡ, ಕೈಕಾಲು ಒತ್ತಿ ಹಿಡಿಯುವುದೂ ಬೇಡ. ಕೀಲಿ ಕೊಟ್ಟಾಗ ನಿಂತಿತು ಅಂತ ಅನ್ನಿಸುವುದು, ಹೆಚ್ಚಿನ ಫಿಟ್ಸ್ ಒಂದೆರಡು ನಿಮಿಷದಲ್ಲಿ ತಾನಾಗೇ ನಿಲ್ಲುವುದರಿಂದ. ತಲೆ ಕೆಳಗೆ ಟವೆಲ್ ಮಡಚಿ ಇಡಿ, ಒಂದು ಮಗ್ಗುಲಿಗೆ ತಿರುಗಿಸಿ, ಗಡಿಯಾರ ನೋಡಿ. 5 ನಿಮಿಷ ದಾಟಿದರೆ, ಅಥವಾ ಎಚ್ಚರವಾಗದೆ ಇನ್ನೊಂದು ಬಂದರೆ 108ಕ್ಕೆ ಫೋನ್ ಮಾಡಿ. ಯಾರಾದರೂ ಮೊಬೈಲ್‌ನಲ್ಲಿ ವಿಡಿಯೊ ತೆಗೆದಿದ್ದರೆ ಡಾಕ್ಟರಿಗೆ ತುಂಬ ಉಪಯೋಗ.

ಚೇತರಿಕೆಯ ಬಗ್ಗೆ ಮನೆಮಂದಿಗೆ ಯಾರೂ ಸರಿಯಾಗಿ ಹೇಳುವುದಿಲ್ಲ. ಫಿಟ್ಸ್ ನಿಂತ ಮೇಲೆ ಸ್ವಲ್ಪ ಹೊತ್ತು ಗೊಂದಲ, ನಿದ್ದೆ ಇರುತ್ತದೆ. ಕೆಲವೊಮ್ಮೆ ಒಂದು ಕಡೆ ಕೈಕಾಲು ಸೋತು, ಆಮೇಲೆ ಸರಿಯಾಗುತ್ತದೆ. ತಲೆಗಾಯದಿಂದ ಇಷ್ಟು ದಿನ ಸುಧಾರಿಸಿದ್ದೆಲ್ಲ ಹೋಯಿತು ಎಂದು ಅದರ ಅರ್ಥವಲ್ಲ. ಆದರೆ ಗಾಯ ಬಿಟ್ಟುಹೋದ ಮರೆವು, ದಣಿವು, ಸಿಡುಕು ತಿಂಗಳುಗಟ್ಟಲೆ, ಕೆಲವರಿಗೆ ವರ್ಷಗಟ್ಟಲೆ ಇರುತ್ತವೆ. ತಮ್ಮನಿಗೆ ಲೆವೆಟಿರಾಸಿಟಮ್ ಎಂಬ ಫಿಟ್ಸ್ ಗುಳಿಗೆ ಶುರುವಾದ ಮೇಲೆ ಸಿಟ್ಟು ಇನ್ನೂ ಹೆಚ್ಚಾಯಿತು. ಊಟದ ತಟ್ಟೆ ತಳ್ಳಿದ ದಿನವೂ ಉಂಟು. ಸೊಕ್ಕು ಅಂತ ಬೈದೆವು. ಆ ಗುಳಿಗೆಗೆ ಅಂಥ ಗುಣ ಇದೆ ಎಂದು ತಿಳಿದ ಮೇಲೆ ಡಾಕ್ಟರಿಗೆ ಹೇಳಿದೆವು, ಅವರು ಬೇರೆ ಕೊಟ್ಟರು. ನಾವಾಗೇ ನಿಲ್ಲಿಸಿದ್ದರೆ ದೊಡ್ಡ ಅಪಾಯವಾಗುತ್ತಿತ್ತು. ಗುಳಿಗೆ ತಪ್ಪುವುದು, ನಿದ್ದೆಗೆಡುವುದು, ಕುಡಿತ, ಈ ಮೂರೂ ಫಿಟ್ಸ್ ಎಬ್ಬಿಸುತ್ತವೆ.

ಟ್ರ್ಯಾಕ್ಟರ್ ಬಿಡುವುದೇ ಅವನಿಗೆ ಕಷ್ಟವಾಯಿತು. ಲೈಸೆನ್ಸ್ ಅರ್ಜಿಯ ಜೊತೆ ಕೊಡುವ ಫಾರ್ಮ್ 1ರಲ್ಲೇ ಮೂರ್ಛೆ ರೋಗದ ಪ್ರಶ್ನೆ ಇದೆ, ಮುಚ್ಚಿಡುವ ಮಾತಲ್ಲ. ಈಗ ಅಕ್ಕಿ ಗಿರಣಿಯಲ್ಲಿ ಚೀಲದ ಲೆಕ್ಕ ಬರೆಯುತ್ತಾನೆ. ತುಂಗಭದ್ರಾ ಕಾಲುವೆಯಲ್ಲಿ ಈಜುವುದನ್ನೂ ಬಿಟ್ಟಿದ್ದಾನೆ, ನೀರಿನಲ್ಲಿ ಫಿಟ್ಸ್ ಬಂದರೆ ಯಾರಿಗೂ ಗೊತ್ತಾಗುವುದಿಲ್ಲ. ಮನೆಯಲ್ಲಿ ಬಚ್ಚಲ ಬಾಗಿಲಿಗೆ ಚಿಲಕ ಹಾಕುವುದಿಲ್ಲ. ಒಳಗೆ ಇದ್ದಾನೆ ಎಂದು ಗೊತ್ತಾಗಲಿ ಅಂತ ಬಾಗಿಲ ಮೇಲೆ ಕೆಂಪು ಟವೆಲ್ ಹಾಕಿರುತ್ತಾನೆ. ಕಾಕಿ ರೊಟ್ಟಿ ಬಡಿಯುತ್ತಾ ಆಗಾಗ ಕೂಗುತ್ತಾರೆ, ಅವನು "ಹ್ಞೂಂ" ಅನ್ನುತ್ತಾನೆ.