ನೋಯುವ ದವಡೆ ದುಡಿಯುವುದು ಕಡಿಮೆ

ಖಡಕ್ ರೊಟ್ಟಿ, ಅಮೀನಗಡದ ಕರದಂಟು, ಸಂಕ್ರಾಂತಿಯ ಕಬ್ಬು. ಬಾಗಲಕೋಟೆ ಕಡೆಯ ದವಡೆಗೆ ಕೆಲಸ ಜಾಸ್ತಿ. ಕಿವಿಯ ಮುಂದೆ ನೋವು ಶುರುವಾಗಿ, ಬಾಯಿ ತೆರೆದಾಗ ಟಕ್ ಅಂದರೆ ಸಾಕು, ಸಲಹೆ ಕೊಡುವವರಿಗೆ ಬರವಿಲ್ಲ. ಕೀಲು ಜಾರಿದೆ, ಎಳೆದು ಕೂರಿಸಬೇಕು ಅಂತ ಒಬ್ಬರು. ಸ್ನಾಯು ಬಿಗಿದಿದೆ, ಜೋರಾಗಿ ತಿಕ್ಕಿದರೆ ಬಿಡುತ್ತದೆ ಅಂತ ಇನ್ನೊಬ್ಬರು. ಮಗು ನಿದ್ದೆಯಲ್ಲಿ ಹಲ್ಲು ಕಡಿದರೆ ಹೊಟ್ಟೆಯಲ್ಲಿ ಹುಳ ಅನ್ನುವವರೂ ಇವರೇ. ಅದಕ್ಕೆ ಗಟ್ಟಿ ಪುರಾವೆ ಇಲ್ಲ ಅಂದರೆ ಕೇಳುವುದಿಲ್ಲ.

ದವಡೆಯ ಕೀಲು ಮತ್ತು ಅಗಿಯುವ ಸ್ನಾಯುಗಳ ಈ ತೊಂದರೆಗೆ ವೈದ್ಯರು ಟಿಎಂಡಿ ಅನ್ನುತ್ತಾರೆ. ಅವರೂ ಕಮ್ಮಿ ಎಡವಿಲ್ಲ. 1934ರಲ್ಲಿ ಅಮೆರಿಕದ ಕಿವಿ ಮತ್ತು ಗಂಟಲು ವೈದ್ಯ ಜೇಮ್ಸ್ ಕಾಸ್ಟೆನ್, ಹಲ್ಲು ಬಿದ್ದವರ ದವಡೆ ಅತಿಯಾಗಿ ಮುಚ್ಚಿಕೊಂಡು ಕೀಲಿನ ಸುತ್ತ ಒತ್ತುತ್ತದೆ, ಕಾರಣ ಅದೇ ಎಂದರು. ಆ ವಿವರಣೆ ನಿಲ್ಲಲಿಲ್ಲ. ಹಲ್ಲಿನ ಮೇಲಿನ ಅನುಮಾನ ಮಾತ್ರ ದಶಕಗಳ ಕಾಲ ಹೋಗಲಿಲ್ಲ, ಮೇಲಿನ ಹಲ್ಲು ಕೆಳಗಿನದಕ್ಕೆ ಸರಿಯಾಗಿ ಕೂಡಲೆಂದು ಚೆನ್ನಾಗಿದ್ದ ಹಲ್ಲುಗಳನ್ನೂ ಅರೆದು ಸವೆಸಿದರು. ಇನ್ನೊಂದು ವಾದ ವಿಷಚಕ್ರದ್ದು: ನೋವಿಗೆ ಸ್ನಾಯು ಸೆಟೆಯುತ್ತದೆ, ಸೆಟೆದದ್ದಕ್ಕೆ ಮತ್ತೆ ನೋವು.

ಸೆಟೆದಿದ್ದರೆ ಅದು ಅಳತೆಗೆ ಸಿಗಬೇಕು, ಅಲ್ವಾ? ಹಲ್ಲು ಕಚ್ಚಿ ಕೆನ್ನೆಯ ಹಿಂಭಾಗ ಮುಟ್ಟಿ ನೋಡಿ. ಗಟ್ಟಿಯಾಗಿ ಉಬ್ಬುವುದು ಮ್ಯಾಸೆಟರ್. ಕಣತಲೆಯಲ್ಲಿ ಅಲುಗುವುದು ಟೆಂಪೊರಾಲಿಸ್. ಇವು ಕೆಲಸ ಮಾಡುವಾಗ ಹುಟ್ಟುವ ವಿದ್ಯುತ್ತನ್ನು ಚರ್ಮದ ಮೇಲೆ ಅಂಟಿಸಿದ ಎಲೆಕ್ಟ್ರೋಡ್‌ಗಳು ಹಿಡಿಯುತ್ತವೆ. ಅದೇ ಇಎಂಜಿ. ಲೆಕ್ಕ ಮೈಕ್ರೋವೋಲ್ಟಿನಲ್ಲಿ, ಅಂದರೆ ವೋಲ್ಟಿನ ಹತ್ತು ಲಕ್ಷದಲ್ಲಿ ಒಂದು ಪಾಲು.

ಕಂಡದ್ದು ಬೇರೆಯೇ. ಸುಮ್ನೆ ಕುಳಿತಾಗ ಕೆಲವು ರೋಗಿಗಳಲ್ಲಿ ವಿದ್ಯುತ್ ತುಸು ಜಾಸ್ತಿ ಇರುತ್ತದೆ. ಆದರೆ ಆ ವ್ಯತ್ಯಾಸ ಎಷ್ಟು ಕಡಿಮೆ ಅಂದರೆ, ಅದರಿಂದ ರೋಗಿ ಯಾರು, ಆರೋಗ್ಯವಂತ ಯಾರು ಅಂತ ಹೇಳಲಾಗದು. ಗಟ್ಟಿಯಾಗಿ ಕಚ್ಚಿ ಅಂದಾಗಲೋ, ನೋವಿರುವವರ ಸ್ನಾಯು ಸಾಮಾನ್ಯವಾಗಿ ಇತರರಿಗಿಂತ ಕಡಿಮೆ ದುಡಿಯುತ್ತದೆ!

1991ರಲ್ಲಿ ಸಂಶೋಧಕ ಜೇಮ್ಸ್ ಲುಂಡ್ ಮತ್ತು ಸಂಗಡಿಗರು ಇದನ್ನು ತಿರುಗಿಸಿ ನೋಡಿದರು: ಸ್ನಾಯು ಸೆಟೆದು ನೋವಲ್ಲ, ನೋವು ಬಂದದ್ದಕ್ಕೆ ಸ್ನಾಯು ತನ್ನ ಕೆಲಸ ಬದಲಿಸುತ್ತದೆ. ಗೊರಸಿಗೆ ಮುಳ್ಳು ಹೊಕ್ಕ ಎತ್ತು ಆ ಕಾಲಿಗೆ ಭಾರ ಬಿಡದೆ ಕುಂಟುತ್ತದಲ್ಲ, ದವಡೆಯೂ ಹಾಗೆ ಕುಂಟುತ್ತದೆ.

ಕುಂಟುವ ಬಗೆಯೇ ನನಗೆ ತುಂಬ ಇಷ್ಟ. ಮ್ಯಾಸೆಟರ್ ಬಾಯಿ ಮುಚ್ಚುವ ಸ್ನಾಯು. ಅಗಿಯುವಾಗ ಬಾಯಿ ಮುಚ್ಚುವ ಹೊತ್ತಿಗೆ ಅದೇ ಮುಖ್ಯ ಆಳು, ನೋವಿದ್ದರೆ ಆಗ ಅದರ ದುಡಿಮೆ ತಗ್ಗುತ್ತದೆ. ಬಾಯಿ ತೆರೆಯುವಾಗ ಅದು ಸಡಿಲವಾಗಿರಬೇಕು, ಆದರೆ ಆಗ ಸ್ವಲ್ಪ ಬಿಗಿದು ಎದುರು ಎಳೆಯುತ್ತದೆ. ಒಂದೇ ಸ್ನಾಯು, ಒಂದೇ ನೋವು, ಪರಿಣಾಮ ಮಾತ್ರ ಉಲ್ಟಾ. ಎರಡೂ ಸೇರಿ ದವಡೆಯ ಚಲನೆಯನ್ನು ನಿಧಾನ ಮಾಡುತ್ತವೆ, ಚಿಕ್ಕದು ಮಾಡುತ್ತವೆ. ನೋವಿನ ಸುದ್ದಿ ಮುಟ್ಟಿದ ಕೂಡಲೇ ಮೆದುಳಿನ ಕಾಂಡದ ನರಕೋಶಗಳು ಇದನ್ನು ಹೊಂದಿಸುತ್ತವೆ, ನಮ್ಮನ್ನು ಕೇಳುವುದಿಲ್ಲ. ಆರೋಗ್ಯವಂತ ಸ್ವಯಂಸೇವಕರ ಮ್ಯಾಸೆಟರ್‌ಗೆ ಗಾಢ ಉಪ್ಪುನೀರು ಚುಚ್ಚಿ ನೋವು ಬರಿಸಿದಾಗಲೂ ಅಗಿಯುವ ದುಡಿಮೆ ತಗ್ಗಿತು. ಎಲ್ಲರಲ್ಲೂ ಒಂದೇ ತರಹ ಆಗುವುದಿಲ್ಲ ಅಂತ ಆಮೇಲಿನ ಅಧ್ಯಯನಗಳು ಹೇಳಿವೆ. ಮನುಷ್ಯರ ವಿಷಯದಲ್ಲಿ ಅದು ಇದ್ದದ್ದೇ.

ಹೀಗಿರುವಾಗ ಬಲವಂತದಿಂದ ಬಾಯಿ ಅಗಲಿಸುವುದು ಮುಳ್ಳಿದ್ದ ಕಾಲನ್ನೇ ಊರಿಸಿದಂತೆ. ಕೆಲವು ದಿನ ರೊಟ್ಟಿ ಬಿಟ್ಟು ಮೆತ್ತಗಿನ ಅನ್ನ, ಬಿಸಿ ಬಟ್ಟೆಯ ಶಾಖ, ವೈದ್ಯರು ಹೇಳಿದ ಹಗುರ ವ್ಯಾಯಾಮ, ಬಹಳಷ್ಟು ಜನರಿಗೆ ಇಷ್ಟು ಸಾಕಾಗುತ್ತದೆ. ತುಟಿ ಮುಚ್ಚಿರಲಿ, ಹಲ್ಲು ಒಂದಕ್ಕೊಂದು ತಾಗದಿರಲಿ. ಊಟ ಮಾಡದಾಗ ಮೇಲಿನ ಹಲ್ಲಿಗೂ ಕೆಳಗಿನದಕ್ಕೂ 2ರಿಂದ 4 ಮಿಲಿಮೀಟರ್ ಅಂತರ ಇರುವುದೇ ಸಹಜ. ನೋವಿಲ್ಲದ ಟಕ್ ಶಬ್ದಕ್ಕೆ ಸಾಮಾನ್ಯವಾಗಿ ಚಿಕಿತ್ಸೆಯೇ ಬೇಡ.

ಗುಟ್ಕಾ, ಅಡಿಕೆ ಜಗಿಯುವವರ ಬಾಯಿ ಬರಬರುತ್ತ ಕಡಿಮೆ ತೆರೆಯುತ್ತಿದ್ದರೆ ಮಾತ್ರ ಈ ಲೆಕ್ಕ ಹಿಡಿಯಬೇಡಿ. ಅದು ಕೆನ್ನೆಯ ಒಳಪದರ ನಾರುಗಟ್ಟುವ ಬೇರೆ ಕಾಯಿಲೆ ಇರಬಹುದು, ಕ್ಯಾನ್ಸರಿಗೂ ತಿರುಗಬಹುದು. ಶಾಖ ಕೊಡುತ್ತ ಕೂರದೆ ಬೇಗ ದಂತವೈದ್ಯರಿಗೆ ತೋರಿಸಿ.