ಜೋಡಣೆಯಾಗಿದೆ, ಆದರೆ ಮಾಹಿತಿ ಬರುತ್ತಿಲ್ಲ

ಸಣ್ಣ ವಿಮಾನದ ಕಾಕ್‌ಪಿಟ್‌ನಲ್ಲಿ ಫಲಕದ ಜಿಪಿಎಸ್‌ಗೂ ಪೈಲಟ್‌ನ ತೊಡೆಯ ಮೇಲಿನ ಟ್ಯಾಬ್ಲೆಟ್‌ಗೂ ಇರುವ ಅಂತರ ಸುಮಾರು ಒಂದು ಮೀಟರ್. ವಿಮಾನದ ಸ್ಥಾನವನ್ನು ಜಿಪಿಎಸ್ ಬ್ಲೂಟೂತ್ ಅಥವಾ ವೈಫೈ ಮೂಲಕ ಟ್ಯಾಬ್ಲೆಟ್‌ಗೆ ಕಳಿಸುತ್ತಿರುತ್ತದೆ. ಆದರೂ ಟ್ಯಾಬ್ಲೆಟ್‌ನ ನಕ್ಷೆಯಲ್ಲಿ ವಿಮಾನದ ಗುರುತು ಕದಲದಿದ್ದರೆ ಮೊದಲ ದೂರು ಸಿಗ್ನಲ್‌ನ ಮೇಲೆಯೇ. ಇಷ್ಟು ಹತ್ತಿರದಲ್ಲಿ ರೇಡಿಯೊ ಅಲೆಗಳು ಸೋಲುವುದು ಅಪರೂಪ. ಬ್ಲೂಟೂತ್ ಮತ್ತು ವೈಫೈ ಎರಡೂ 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಓಡಾಡುತ್ತವೆ ಎಂಬುದು ನಿಜ. ಆದರೆ ಸಾಂಪ್ರದಾಯಿಕ ಬ್ಲೂಟೂತ್ 79 ಚಾನೆಲ್‌ಗಳ ನಡುವೆ ಸೆಕೆಂಡಿಗೆ 1600 ಸಲ ಜಿಗಿಯುತ್ತ, ಗದ್ದಲವಿರುವ ಚಾನೆಲ್‌ಗಳನ್ನು ಬದಿಗಿಟ್ಟು ಸಾಗಬಲ್ಲದು.

ಬ್ಲೂಟೂತ್‌ನಲ್ಲಿ ತೊಡಕಾಗುವುದು ಹೆಚ್ಚಾಗಿ ಹಳೆಯ ಪರಿಚಯ. ಜೋಡಣೆಯ ವೇಳೆ ಎರಡೂ ಸಾಧನಗಳು ಒಂದು ಗುಪ್ತ ಕೀಲಿಯನ್ನು ಉಳಿಸಿಕೊಳ್ಳುತ್ತವೆ. ಒಂದು ಕಡೆ ಮಾತ್ರ ಅದು ಅಳಿಸಿಹೋದರೆ ಇನ್ನೊಂದು ಹಳೆಯ ಕೀಲಿಯನ್ನೇ ಹಿಡಿದು ಬಾಗಿಲು ತಟ್ಟುತ್ತಿರುತ್ತದೆ. ಆದ್ದರಿಂದ ಎರಡೂ ಕಡೆ ಅಳಿಸಿ ಹೊಸದಾಗಿ ಜೋಡಿಸಬೇಕು. ಎಲ್ಲವನ್ನೂ ಆಫ್ ಮಾಡಿ ಆನ್ ಮಾಡುವ ಚಿಕಿತ್ಸೆ ಕೆಲವೊಮ್ಮೆ ಗುಣ ಕೊಡುತ್ತದೆಯಾದರೂ ರೋಗ ಯಾವುದೆಂದು ಹೇಳುವುದಿಲ್ಲ.

ವೈಫೈನ ತೊಂದರೆ ಇನ್ನಷ್ಟು ಸೂಕ್ಷ್ಮ. ಜಿಪಿಎಸ್ ರಿಸೀವರ್ ತನ್ನದೇ ಪುಟ್ಟ ಜಾಲವನ್ನು ತೆರೆಯುತ್ತದೆ, ಆದರೆ ಅದರಲ್ಲಿ ಇಂಟರ್ನೆಟ್ ಇರುವುದಿಲ್ಲ. ಇದು ಕೆಲಸಕ್ಕೆ ಬಾರದ ಜಾಲವೆಂದು ಭಾವಿಸಿ ಟ್ಯಾಬ್ಲೆಟ್ ಸದ್ದಿಲ್ಲದೆ ಬೇರೆ ಜಾಲಕ್ಕೆ ಹೊರಳಬಹುದು. ಐಪ್ಯಾಡ್‌ನಲ್ಲಾದರೆ 2020ರಿಂದ ಈಚೆಗೆ ಸ್ಥಳೀಯ ಜಾಲವನ್ನು ಬಳಸಲು ಪ್ರತಿ ಆ್ಯಪ್‌ಗೂ ಪ್ರತ್ಯೇಕ ಅನುಮತಿ ಬೇಕು. ಅವಸರದಲ್ಲಿ ಅದನ್ನು ನಿರಾಕರಿಸಿದ್ದರೆ ವೈಫೈ ಚಿಹ್ನೆ ಎಂದಿನಂತೆ ಕಾಣುತ್ತಿದ್ದರೂ ಆ್ಯಪ್‌ಗೆ ಒಂದಕ್ಷರವೂ ಸಿಗದು. ಇದು ರಿಸೀವರ್‌ಗೆ ಗೊತ್ತಾಗುವುದೂ ಇಲ್ಲ. ಸ್ಥಾನ ಮೊದಲಾದ ಮಾಹಿತಿಯನ್ನು ಹೊತ್ತ, ಜಿಡಿಎಲ್ 90 ಎಂಬ ವಿನ್ಯಾಸದ ಸಂದೇಶಗಳನ್ನು ಸಾಮಾನ್ಯವಾಗಿ ಯುಡಿಪಿ ಎಂಬ ವಿಧಾನದಲ್ಲಿ ಕಳಿಸಲಾಗುತ್ತದೆ. ಕೇಳುವವರು ಇದ್ದಾರೋ ಇಲ್ಲವೋ ನೋಡದೆ ಡಂಗುರ ಸಾರಿದಂತೆ ಅದರ ರೀತಿ.

ಆದರೆ ಈ ಡಂಗುರದಲ್ಲೇ ಒಂದು ಸುಳಿವಿದೆ. ಜಿಡಿಎಲ್ 90 ಸೆಕೆಂಡಿಗೊಮ್ಮೆ ಹೃದಯಬಡಿತದಂಥ ಸಣ್ಣ ಸಂದೇಶವನ್ನು ಕಳಿಸುತ್ತದೆ, ಮತ್ತು ಜಿಪಿಎಸ್ ಸ್ಥಾನ ನಂಬಬಹುದಾದದ್ದೇ ಎಂಬುದನ್ನು ಅದರ ಒಂದು ಬಿಟ್ ಹೇಳುತ್ತದೆ. ಬಡಿತ ಬರುತ್ತಿದ್ದು ಸ್ಥಾನ ಮಾತ್ರ ಬರದಿದ್ದರೆ ನಿಸ್ತಂತು ಕೊಂಡಿಯನ್ನು ದೂರಿ ಫಲವಿಲ್ಲ. ಜಿಪಿಎಸ್ ಮಾಹಿತಿಯನ್ನು ಅಕ್ಷರಗಳ ಸಾಲುಗಳಾಗಿ ಕಳಿಸುವ ಹಳೆಯ ಎನ್‌ಎಂಇಎ ವಿನ್ಯಾಸದಲ್ಲೂ ಇದೇ ಬಗೆಯ ಗುರುತುಂಟು. ಅದರ ಆರ್‌ಎಂಸಿ ಎಂಬ ಸಾಲು ಡಾಲರ್ ಚಿಹ್ನೆಯಿಂದ ಶುರುವಾಗುತ್ತದೆ, ಸಮಯದ ನಂತರ ಒಂದೇ ಅಕ್ಷರವನ್ನು ಹೊತ್ತಿರುತ್ತದೆ: ‘ಎ’ ಎಂದರೆ ಸ್ಥಾನ ಸಿಕ್ಕಿದೆ, ‘ವಿ’ ಎಂದರೆ ಸಿಕ್ಕಿಲ್ಲ. ಉಪಗ್ರಹಗಳ ಸಿಗ್ನಲ್ ತೂರಿಬರದ ತಗಡಿನ ಹ್ಯಾಂಗರ್‌ನೊಳಗೆ ನಿಂತ ವಿಮಾನದ ರಿಸೀವರ್ ತನಗೆ ಸ್ಥಾನ ತಿಳಿಯದೆಂಬ ಸಂಗತಿಯನ್ನೇ ಚಾಚೂ ತಪ್ಪದೆ ತಲುಪಿಸುತ್ತಿರಬಹುದು. ಕೊಂಡಿಯನ್ನು ಬಿಚ್ಚಿ ಕಟ್ಟುವ ಮುನ್ನ ವಿಮಾನವನ್ನು ಹೊರಗೆ ತಳ್ಳಿ ನೋಡುವುದು ಜಾಣತನ.

ಟ್ಯಾಬ್ಲೆಟ್‌ನಿಂದ ಫಲಕಕ್ಕೆ ಹಾರಾಟದ ಮಾರ್ಗವನ್ನು ಕಳಿಸುವಾಗಿನ ದೋಷವೇ ಬೇರೆ. ಮಾರ್ಗದ ಬಿಂದುಗಳ ಹೆಸರುಗಳಿರುವ ನ್ಯಾವಿಗೇಷನ್ ದತ್ತಾಂಶ 28 ದಿನಗಳಿಗೊಮ್ಮೆ ಬದಲಾಗುತ್ತದೆ. ಟ್ಯಾಬ್ಲೆಟ್ ಹೊಸ ಆವೃತ್ತಿಯಲ್ಲಿದ್ದು ಫಲಕದ ಸಾಧನ ಹಿಂದಿನದರಲ್ಲೇ ಉಳಿದಿದ್ದರೆ, ಹೊಸ ಹೆಸರಿನ ಬಿಂದುವೊಂದನ್ನು ಅದು ಗುರುತಿಸದೆ ಹೋಗಬಹುದು. ಆಗ ಸಂದೇಶ ಪೂರ್ತಿಯಾಗಿ ತಲುಪಿದ್ದರೂ ಮಾರ್ಗ ಪೂರ್ತಿಯಾಗಿರುವುದಿಲ್ಲ. ಎರಡೂ ಪರದೆಗಳಲ್ಲಿ ಒಟ್ಟು ದೂರವನ್ನು ಹೋಲಿಸಿದರೆ, ನೆಲ ಬಿಡುವ ಮೊದಲೇ ಈ ವ್ಯತ್ಯಾಸ ಕಣ್ಣಿಗೆ ಬೀಳಬಹುದು.